ಬೂದಿಯಲ್ಲಿ ಸಿಗದ ಹುಕ್ಕು

"ನನ್ನ ಗಂಡನ ಬಾಯಿ ಕೆಟ್ಟದ್ದು ಮೇಡಂ, ಕೈ ಕೆಟ್ಟದ್ದಲ್ಲ," ಎಂದು ಆ ಹೆಂಗಸು ನಮ್ಮ ವಿಮಾ ಕಚೇರಿಯ ಬಾಗಿಲಲ್ಲೇ ನಿಂತು ಹೇಳಿದಳು. ಒಳಗೆ ಬಂದು ಕೂರಿ ಎಂದರೂ ಕೂರಲಿಲ್ಲ.

ಅವಳ ಗಂಡ ದರ್ಜಿ ಅಂಗಡಿಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದವನು. ತಲೆ ನರೆಯುವವರೆಗೆ ಅಲ್ಲೇ ದುಡಿದವನನ್ನು ಮಾಲೀಕ ಹೋದ ತಿಂಗಳು ಕೆಲಸದಿಂದ ತೆಗೆದಿದ್ದ. ಹೊರಡುವಾಗ ಮಾಸ್ಟರ್ ಬೀದಿಯಲ್ಲಿ ನಿಂತು, "ನಿನ್ನ ಅಂಗಡಿಗೆ ಬೆಂಕಿ ಬೀಳ!" ಎಂದು ಕೂಗಿದ್ದ. ಮೊನ್ನೆ ವಾರದ ರಜೆಯ ದಿನ ಮಧ್ಯಾಹ್ನ ಅಂಗಡಿಗೆ ನಿಜವಾಗಿಯೂ ಬೆಂಕಿ ಬಿತ್ತು. ಪೊಲೀಸರಿಗೆ ಅಷ್ಟೇ ಸಾಕಾಯಿತು, ಮಾಸ್ಟರನ್ನು ಹಿಡಿದೊಯ್ದರು. ಬೆಂಕಿ ಬೀಳ ಎಂದವರನ್ನೆಲ್ಲ ಹಿಡಿದು ಒಳಗೆ ಹಾಕುವುದಾದರೆ ನನ್ನ ಅಜ್ಜಿ ಇಡೀ ಆಯುಷ್ಯವನ್ನು ಜೈಲಿನಲ್ಲೇ ಕಳೆಯಬೇಕಿತ್ತು.

"ನನ್ನ ಗಂಡನೇ ಹಚ್ಚಿದ್ದು ಅಂತ ನೀವು ಬರೆದರೆ ಅವರು ಇನ್ನು ಹೊರಗೆ ಬರಲ್ಲ ಅಂತೆ," ಎಂದಳು ಹೆಂಗಸು.

"ಯಾರು ಹೇಳಿದ್ದು?"

"ಇನ್ಸ್‌ಪೆಕ್ಟರ್ ಸಾಹೇಬ್ರು."

ನಮ್ಮ ಕಚೇರಿಯ ಹಿರಿಯರಾದ ಬೂದಿ ಮೇಡಂ ಕನ್ನಡಕ ಒರೆಸಿಕೊಂಡು ಎದ್ದರು. "ಜರಡಿ ತಗೊಳಮ್ಮಾ," ಎಂದರು ನನಗೆ.

ಸುಟ್ಟದ್ದು, ಮುರಿದದ್ದು, ಕಳುವಾದದ್ದನ್ನು ನೋಡಿ ನಷ್ಟ ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಕೆಲಸಕ್ಕೆ ನಾನು ಆಗಷ್ಟೇ ಸೇರಿದ್ದೆ. ತರಬೇತಿ ತರಗತಿಯಲ್ಲಿ ಇಸ್ತ್ರಿ ಅಂಗಿಯ ಮಹಾಶಯರೊಬ್ಬರು ಗ್ರಾಹಕರೆದುರು ಹೇಗೆ ನಗಬೇಕು ಎಂದು ಗಂಟೆಗಟ್ಟಲೆ ಕೊರೆದಿದ್ದರು. ಕೆಲಸ ಕಲಿಸಲು ಮಾತ್ರ ಮೇಡಂ ಬೇಕಾಯಿತು. ಸುಟ್ಟ ಮನೆ, ಅಂಗಡಿಗಳಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೂದಿ ಜರಡಿ ಹಿಡಿದೂ ಹಿಡಿದೂ ಅವರಿಗೆ ಬೂದಿ ಮೇಡಂ ಎಂಬ ಹೆಸರು ಬಂದಿತ್ತು. ಎದುರಿಗೇ ಹಾಗೆ ಕರೆದರೂ ಅವರಿಗೆ ಬೇಸರವಿರಲಿಲ್ಲ.

"ಇರೋದನ್ನ ಯಾರು ಬೇಕಾದ್ರೂ ನೋಡ್ತಾರೆ," ಎಂದು ದಾರಿಯಲ್ಲಿ ಹೇಳಿದರು. "ಇರಬೇಕಾಗಿದ್ದು ಎಲ್ಲಿ ಹೋಯ್ತು ಅಂತ ನೋಡೋದೇ ನಮ್ಮ ಕೆಲಸ."

ಅಂಗಡಿಯ ಮುಂದೆ ಮಾಲೀಕನೂ ಅವನ ತಂಗಿಯೂ ನಿಂತಿದ್ದರು. ಅಣ್ಣ ಲೆಕ್ಕಾಚಾರ ನೋಡಿಕೊಳ್ಳುವವನು, ತಂಗಿ ಹೊಲಿಯುವವಳು. ಅಂಗಡಿ ಬಾಗಿಲಿನ ಬೀಗವನ್ನು ಯಾರೂ ಒಡೆದಿರಲಿಲ್ಲ, ಅದರ ಬೀಗದ ಕೈ ಇದ್ದದ್ದು ಅವರಿಬ್ಬರ ಹತ್ತಿರ ಮಾತ್ರ.

"ಹಿಂದಿನ ಕಿಟಕಿ ಗಾಜು ಒಡೆದು ಸೀಮೆಎಣ್ಣೆ ಸುರಿದಿದಾನೆ, ಪಾಪಿ!" ಎಂದ ಅಣ್ಣ. "ಮೂಲೇಲಿ ಮರದ ಬೀರು ಇತ್ತು ಮೇಡಂ. ಹೊಲಿದು ಮುಗಿಸಿದ ಗಿರಾಕಿಗಳ ಬಟ್ಟೆಯೆಲ್ಲ ಅದರಲ್ಲೇ. ಪ್ಯಾಂಟು, ಕೋಟು, ಶಾಲೆ ಮಕ್ಕಳ ಸಮವಸ್ತ್ರ, ಎಲ್ಲಾ ಭಸ್ಮ! ಅದನ್ನೂ ಕ್ಲೇಮಿಗೆ ಸೇರಿಸಿದೀನಿ."

ತಂಗಿ ನೆಲ ನೋಡುತ್ತಿದ್ದಳು. "ಆ ಬೀರಿಗೆ ಬೀಗ ಯಾರು ಹಾಕ್ತಿದ್ರು?" ಎಂದು ಮೇಡಂ ಕೇಳಿದರು.

"ನಾನೇ, ಬೀಗದ ಕೈ ನನ್ನ ಹತ್ರಾನೇ ಇರತ್ತೆ," ಎಂದಳು. ಆಮೇಲೆ ಮೆಲ್ಲಗೆ, "ಮಾಸ್ಟ್ರು ಊಟ ಮಾಡಿದ್ರಾ, ನಿಮಗೇನಾದ್ರೂ ಗೊತ್ತಾ?" ಎಂದಳು. ಅಣ್ಣ ಅವಳನ್ನು ದುರುಗುಟ್ಟಿ ನೋಡಿದ.

ಹಿಂದಿನ ಓಣಿಗೆ ಹೋದೆವು. ಗಾಜಿನ ಚೂರುಗಳು ಹೊರಗೆ ಓಣಿಯಲ್ಲಿ ಬಿದ್ದಿದ್ದವು. ಒಂದನ್ನು ಎತ್ತಿ ನೋಡಿದೆ. ತೊಳೆದ ಲೋಟದ ಹಾಗಿತ್ತು, ಮಸಿಯ ಗುರುತೇ ಇಲ್ಲ. ಒಳಗೆ ಕಿಟಕಿಯ ಕೆಳಗೆ ಒಂದು ಚೂರೂ ಸಿಗಲಿಲ್ಲ.

ಬೀರು ಇದ್ದ ಮೂಲೆಯಲ್ಲಿ ಬೂದಿಯ ಗುಡ್ಡೆ ಮಾತ್ರ ಉಳಿದಿತ್ತು. ಅಲ್ಲಿನ ಸಿಮೆಂಟು ನೆಲ ಕಾವಿಗೆ ಚಕ್ಕೆಯೆದ್ದಿತ್ತು, ಬಿರುಕಿನೊಳಗಿಂದ ಇನ್ನೂ ಸೀಮೆಎಣ್ಣೆ ನಾರುತ್ತಿತ್ತು. ಅಂಗಡಿಯಲ್ಲಿ ಬೇರೆಲ್ಲೂ ನೆಲ ಅಷ್ಟು ಸುಟ್ಟಿರಲಿಲ್ಲ. ನಾನು ಕೂತು ಜರಡಿ ಹಿಡಿದೆ. ಬೀರಿನ ಬೀಗ ಸಿಕ್ಕಿತು, ಹಾಕಿದ ಹಾಗೇ ಇತ್ತು. ಬಾಗಿಲಿನ ಕೀಲು, ಒಂದಷ್ಟು ಮೊಳೆ ಸಿಕ್ಕವು. ಬೇರೇನೂ ಇಲ್ಲ. ಮೇಡಂ ಮತ್ತೊಮ್ಮೆ ಜರಡಿ ಹಿಡಿಸಿದರು, ಆಗಲೂ ಅಷ್ಟೇ. ನನ್ನ ಮೂಗು, ಬಾಯಿ ಎಲ್ಲಾ ಬೂದಿಯಾಗಿ ಅಳು ಬರುವಂತಾಗಿತ್ತು.

"ಕೈಕಾಲು ತೊಳಕೊಂಡು ಹೋಗಿ," ಎಂದು ತಂಗಿ ಪಕ್ಕದ ಬೀದಿಯ ಮನೆಗೆ ಕರೆದಳು. ಅವಳ ಕೋಣೆಯಲ್ಲಿ ಮಂಚದ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಹಾಸಿದ್ದ ಚಾದರ ನಾಲ್ಕೂ ಕಡೆ ನೆಲ ಮುಟ್ಟುತ್ತಿತ್ತು, ಮೂಲೆಯಲ್ಲಿ ಮಾತ್ರ ಇಟ್ಟಿಗೆ ಇಣುಕುತ್ತಿತ್ತು. ಕೂತರೆ ನನ್ನ ಕಾಲು ನೆಲಕ್ಕೆ ತಾಗಲಿಲ್ಲ, ಹಿಮ್ಮಡಿಗೆ ಏನೋ ಮೆತ್ತಗಿನದು ತಾಗಿತು. ಮೇಡಂ ನೀರು ಕುಡಿದರು, ಚಾದರದ ಅಂಚನ್ನೊಮ್ಮೆ ನೋಡಿ ಎದ್ದರು.

ಮರುದಿನ ಬೆಳಿಗ್ಗೆ ಸುಟ್ಟ ಅಂಗಡಿಯಲ್ಲೇ ಎಲ್ಲರನ್ನೂ ಸೇರಿಸಿದರು. ಇನ್ಸ್‌ಪೆಕ್ಟರ್ ಮಾಸ್ಟರನ್ನು ಕರೆತಂದಿದ್ದರು. ಅವನ ತುಟಿ ಒಡೆದಿತ್ತು. ಹೆಂಡತಿ ಅದನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡಳು.

"ಮೊದಲು ಗಾಜು," ಎಂದರು ಮೇಡಂ. "ಚೂರೆಲ್ಲ ಹೊರಗೆ ಬಿದ್ದಿದೆ. ಹಾಗಾದ್ರೆ ಒಡೆದಿದ್ದು ಒಳಗಿಂದ. ಬೆಂಕಿ ಕಾವಿಗೋ ನೀರು ಹೊಡೆದಾಗಲೋ ಒಡೆದಿದ್ರೆ ಮಸಿ ಹಿಡಿದಿರಬೇಕಿತ್ತು. ಇಲ್ಲ. ಅಂದ್ರೆ ಹೊಗೆ ಏಳೋಕೆ ಮುಂಚೆ, ಬಾಗಿಲು ತೆಗೆದು ಒಳಗೆ ಬಂದವರು ಒಡೆದಿದಾರೆ. ಮಾಸ್ಟರ್ ಹತ್ರ ಬೀಗದ ಕೈ ಇಲ್ಲ."

ಇನ್ಸ್‌ಪೆಕ್ಟರ್ ಮಾಸ್ಟರ್ ತೋಳಿನ ಮೇಲಿದ್ದ ಕೈ ತೆಗೆದರು.

"ಇನ್ನು ಉಳಿದವರು ಇಬ್ಬರು. ಬೀರಲ್ಲಿ ಏನು ಸಿಗಲಿಲ್ಲ, ಹೇಳಮ್ಮಾ," ಎಂದು ನನ್ನ ಕಡೆ ತಿರುಗಿದರು.

ಅಷ್ಟು ಹೊತ್ತಿಗೆ ನನಗೂ ಹೊಳೆದಿತ್ತು. "ಹುಕ್ಕು," ಎಂದೆ. "ಪ್ಯಾಂಟಿನ ಹುಕ್ಕು, ಜಿಪ್ಪು, ಕೋಟಿನ ಲೋಹದ ಗುಂಡಿ. ಬಟ್ಟೆ ಸುಟ್ಟರೂ ಅವು ಉಳಿಯಬೇಕು. ಒಂದೂ ಇಲ್ಲ. ಬೀರು ಖಾಲಿ ಇತ್ತು."

"ಬೀಗ ಹಾಕಿದ ಖಾಲಿ ಬೀರು," ಎಂದರು ಮೇಡಂ. "ಅದರ ಬೀಗದ ಕೈ ತಂಗಿ ಹತ್ರ. ಬಟ್ಟೆ ಸಾಗಿಸಿದ್ದು ಅವಳೇ, ಅವಳ ಮಂಚದ ಕೆಳಗಿದೆ. ಹಾಗಂತ ಬೆಂಕಿ ಹಚ್ಚಿದ್ದೂ ಅವಳೇ ಅನ್ಕೋಬೇಡಿ ಇನ್ಸ್‌ಪೆಕ್ಟರೇ, ಆತುರ ಬೇಡ. ಸೀಮೆಎಣ್ಣೆ ಪೂರ್ತಿ ಸುರಿದಿರೋದು ಬೀರಿನ ಬುಡಕ್ಕೆ. ಬಟ್ಟೆ ತುಂಬಿದೆ, ಧಗ್ ಅಂತ ಹತ್ಕೊಳ್ಳತ್ತೆ ಅಂತ ನಂಬಿದವರು ಸುರಿದಿದ್ದು. ಖಾಲಿ ಅಂತ ಗೊತ್ತಿದ್ದವಳು ಅಲ್ಲಿಗೆ ಯಾಕೆ ಸುರೀತಾಳೆ? ಬಟ್ಟೆ ಸುಟ್ಟಿದೆ ಅಂತ ಇವತ್ತಿಗೂ ನಂಬಿರೋದು ಒಬ್ಬರೇ. ಕ್ಲೇಮಿಗೂ ಸೇರಿಸಿದಾರೆ."

ಅಣ್ಣ ತಂಗಿಯ ಕಡೆ ತಿರುಗಿದ. "ಏನೇ ಮಾಡಿದೆ ನೀನು? ಮನೆ ಮುಳುಗಿಸಿಬಿಟ್ಯಲ್ಲೇ!"

ತಪ್ಪೊಪ್ಪಿಗೆಗೆ ಅದಕ್ಕಿಂತ ಹೆಚ್ಚು ಬೇಕಿರಲಿಲ್ಲ. ಈಗ ಎಲ್ಲರೂ ಸಿದ್ಧ ಉಡುಪು ಕೊಳ್ಳುತ್ತಾರೆ, ಅಂಗಡಿ ಹೇಗೂ ಸಾಯುತ್ತಿತ್ತು ಎಂದು ಏನೇನೋ ಬಡಬಡಿಸಿದ. ಮಾಸ್ಟರ್ ಬೈದಿದ್ದು ಅವನಿಗೆ ಹಾಲು ಕುಡಿದಷ್ಟು ಸಂತೋಷ ಕೊಟ್ಟಿತ್ತಂತೆ, ಅನುಮಾನಕ್ಕೆ ಆಳು ತಾನಾಗಿ ಸಿಕ್ಕಿದ್ದ.

ತಂಗಿ ಅಳುತ್ತಾ ಮಾಸ್ಟರ್ ಮುಂದೆ ಬಂದಳು. "ಅಣ್ಣ ಡಬ್ಬಿ ತಂದಿಟ್ಟಿದ್ದು ನೋಡ್ದೆ ಮಾಸ್ಟ್ರೇ. ಏನು ಮಾಡ್ತಾನೆ ಅಂತ ಗೊತ್ತಾಯ್ತು. ಗಿರಾಕಿಗಳ ಬಟ್ಟೆ ಸುಡೋಕೆ ಮನಸ್ಸು ಬರಲಿಲ್ಲ. ಎಲ್ಲ ತಣ್ಣಗಾದ ಮೇಲೆ ಮನೆಮನೆಗೆ ಮುಟ್ಟಿಸೋಣ ಅಂದ್ಕೊಂಡೆ. ನಿಮ್ಮನ್ನ ಹಿಡಿದ್ರು ಅಂದಾಗ... ಒಡಹುಟ್ಟಿದವನು, ಹೇಗೆ ಹೇಳಲಿ?"

ಲಂಗ ತೊಡುತ್ತಿದ್ದ ವಯಸ್ಸಿನಿಂದ ಅವಳಿಗೆ ಸೂಜಿ ಹಿಡಿಯಲು ಕಲಿಸಿದ್ದು ಮಾಸ್ಟರೇ. ಬಾಯಿ ಕೆಟ್ಟದ್ದು ಎಂದು ಹೆಂಡತಿ ಹೇಳಿದ್ದಳಲ್ಲ, ಬೈಯುತ್ತಾನೆ ಎಂದು ನಾವೆಲ್ಲ ಕಾದೆವು.

"ಗಿರಾಕಿ ಬಟ್ಟೆ ನಮ್ಮ ಪ್ರಾಣಕ್ಕಿಂತ ಹೆಚ್ಚು ಅಂತ ನಾನೇ ಹೇಳಿಕೊಟ್ಟಿದ್ದೆ, ಚೆನ್ನಾಗಿ ಕಲಿತಿದೀಯ," ಎಂದ. "ಮನುಷ್ಯನ ವಿಷಯ ಹೇಳಿಕೊಡೋಕೆ ಮರೆತುಬಿಟ್ಟೆ ಕಣಮ್ಮಾ."

ಹೆಂಡತಿಯ ಕೈ ಹಿಡಿದು ಹೊರಟ. ತಿರುಗಿ ನೋಡಲಿಲ್ಲ.

ಕ್ಲೇಮು ತಿರಸ್ಕಾರವಾಯಿತು. ಅಣ್ಣ ಜೈಲಿಗೆ ಹೋದ. ತಂಗಿ ಬಟ್ಟೆಗಳನ್ನು ಹೊತ್ತು ಮನೆಮನೆಗೆ ಮುಟ್ಟಿಸಿದಳಂತೆ, ಯಾರೂ ಅವಳನ್ನು ಒಳಗೆ ಕರೆಯಲಿಲ್ಲವಂತೆ. ನಮ್ಮ ಕಚೇರಿಯಲ್ಲಿ ಮಾತ್ರ ಸಂಭ್ರಮ. ಕಂಪನಿಯ ದುಡ್ಡು ಉಳಿಸಿದೆನೆಂದು ಇಸ್ತ್ರಿ ಅಂಗಿಯ ಮಹಾಶಯರು ತರಗತಿಯಲ್ಲಿ ಕಲಿಸಿದ ನಗುವನ್ನೇ ನಗುತ್ತಾ ನನ್ನ ಕೈ ಕುಲುಕಿದರು. ಮಾಸ್ಟರನ ಒಡೆದ ತುಟಿಯ ಬಗ್ಗೆ ಯಾರೂ ಕೇಳಲಿಲ್ಲ, ಅದಕ್ಕೆ ವಿಮೆ ಇರಲಿಲ್ಲ.

ಮೇಡಂ ಜರಡಿಯನ್ನು ನನ್ನ ಮೇಜಿನ ಮೇಲಿಟ್ಟು, "ಕಲಿತೆ. ಇನ್ನು ಇದು ನಿನ್ನದು," ಎಂದರು.

ಬೇಡ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲಲ್ಲಿ ಇನ್ನಾರೋ ಬಂದು ನಿಂತಿದ್ದರು, ಕೂರಿ ಎಂದರೂ ಕೂರಲಿಲ್ಲ. ನಾನು ಜರಡಿ ಎತ್ತಿಕೊಂಡೆ.