ಆ ಬೊಮ್ಮ ನಾನಲ್ಲ

ಬಹಳ ಹಿಂದೆ, ಗುಡ್ಡಬೆಟ್ಟಗಳು ಇನ್ನೂ ಮಾತು ಮರೆಯದ ಕಾಲದಲ್ಲಿ, ಹಾಲುಗುಂದ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಬೀದಿಯಲ್ಲಿ ಕಣ್ಣುಮುಚ್ಚಿ ಒಂದು ಕಲ್ಲು ಎಸೆದರೆ ಅದು ಬೊಮ್ಮ ಎಂಬ ಹೆಸರಿನವನ ತಲೆಗೇ ಬೀಳುತ್ತಿತ್ತು. ರಾಜ್ಯ ಕಟ್ಟಿದ ಮೊದಲ ಅರಸನ ಹೆಸರು ಬೊಮ್ಮ. ಅವನು ಮಾಟ ಬಲ್ಲವನಾಗಿದ್ದ. ಅವನು ತೀರಿಕೊಂಡಾಗ ಜನ ಅವನನ್ನು ಊರಾಚೆಯ ಕರಿಗುಡ್ಡದ ಹೊಟ್ಟೆಯಲ್ಲಿಟ್ಟು ಗವಿಯ ಬಾಯಿಗೆ ಬಂಡೆ ಮುಚ್ಚಿ ಬಂದಿದ್ದರು. ಅವನ ಹೆಸರಿಟ್ಟರೆ ಗಂಡುಮಕ್ಕಳಿಗೆ ಕೆಟ್ಟ ಕಣ್ಣು ತಾಗುವುದಿಲ್ಲ ಎಂದು ಯಾರೋ ಹೇಳಿದರು. ಹೇಳಿದವರು ಯಾರು ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಅಂತೂ ಮನೆಗೊಬ್ಬ ಬೊಮ್ಮ ಹುಟ್ಟಿದ.

ಅಷ್ಟೊಂದು ಬೊಮ್ಮರಲ್ಲಿ ಮೂವರು ಹೆಸರುವಾಸಿಗಳು. ಒಬ್ಬ ದೊಡ್ಡ ಕೆರೆಯ ಏರಿ ಕಟ್ಟಿದವನು. ಅವನು ನೆಲಕ್ಕೆ ಕಿವಿಯಿಟ್ಟರೆ ಒಳಗಿನ ನೀರಿನ ಸದ್ದು ಕೇಳುತ್ತಿತ್ತು. ಇನ್ನೊಬ್ಬ ವೈದ್ಯ. ಅವನು ನಾಡಿ ಹಿಡಿದರೆ ಜ್ವರ ತಾನೇ ನಾಚಿ ಇಳಿಯುತ್ತಿತ್ತಂತೆ. ಮತ್ತೊಬ್ಬ ಕಿನ್ನರಿ ನುಡಿಸುವವನು. ಅವನು ತಂತಿ ಮೀಟಿದರೆ ಹಟಮಾರಿ ಎಮ್ಮೆಯೂ ಹಾಲು ಸುರಿಸುತ್ತಿತ್ತು.

ನಮ್ಮ ಕತೆಯ ಬೊಮ್ಮ ಈ ಮೂವರಲ್ಲಿ ಯಾರೂ ಅಲ್ಲ. ಅವನು ಪುಂಡಿನಾರಿನ ಹಗ್ಗ ಹೊಸೆಯುವವನು. ಅವನ ಬಾಗಿಲಿಗೆ ಬರುವವರಲ್ಲಿ ಹಗ್ಗ ಕೇಳುವವರಿಗಿಂತ ಬೇರೆ ಬೊಮ್ಮರನ್ನು ಕೇಳುವವರೇ ಹೆಚ್ಚು. ರೋಗಿಯನ್ನು ಮಂಚ ಸಮೇತ ಹೊತ್ತು ತಂದು ಅಂಗಳದಲ್ಲಿ ಇಳಿಸುತ್ತಿದ್ದರು. ಅವನು ಎದ್ದು ನಿಂತು, ಆ ಬೊಮ್ಮ ನಾನಲ್ಲ, ಅವರ ಮನೆ ಆಚೆ ಬೀದಿಯಲ್ಲಿ ಎಂದು ಹೇಳಿ, ಮಂಚದ ಒಂದು ಕಾಲಿಗೆ ತಾನೂ ಹೆಗಲು ಕೊಟ್ಟು ಬಿಟ್ಟು ಬರುತ್ತಿದ್ದ. ಅವನ ಹೆಂಡತಿ ಮುದ್ದವ್ವನ ಅಪ್ಪ ಕೂಡ ಕಿನ್ನರಿಯ ಬೊಮ್ಮ ಎಂದುಕೊಂಡೇ ಸಂಬಂಧ ಕೇಳಲು ಬಂದವನು. ಹೆಣ್ಣು ನೋಡುವ ದಿನ, ಎಲೆ ಅಡಿಕೆ ತಟ್ಟೆ ಮುಂದಿರುವಾಗಲೇ, ಆ ಬೊಮ್ಮ ನಾನಲ್ಲ ಎಂದು ಇವನು ಹೇಳಿಬಿಟ್ಟ. ಅಪ್ಪ ತಟ್ಟೆ ಹಿಂದಕ್ಕೆಳೆದ. ಬಾಗಿಲ ಮರೆಯಲ್ಲಿ ನಿಂತಿದ್ದ ಮುದ್ದವ್ವ, ಕೊಟ್ಟರೆ ಇವರಿಗೇ ಕೊಡಿ ಅಂದಳು. ತಂದೆ ಸಿಟ್ಟಾದ, ಆದರೆ ಮದುವೆ ಆಯಿತು.

ಹೀಗಿರಲು ಒಂದು ಬೆಳಗ್ಗೆ ಒಬ್ಬ ಬಾಣಂತಿ ತೊಟ್ಟಿಲ ಬಟ್ಟೆ ಸರಿಸಿ ನೋಡಿದಳು. ಒಳಗೆ ಕೂಸಿನ ಮೈ ಇತ್ತು, ಮುದುಕನ ಮುಖ ಇತ್ತು. ಗುಳಿಬಿದ್ದ ಕೆನ್ನೆ, ಬಿಳಿಹುಬ್ಬು, ಅರ್ಧ ತೆರೆದ ಬಾಯಿ. ಅದು ಹಾಲಿಗೆ ಅಳಲಿಲ್ಲ. ರೆಪ್ಪೆ ಮಿಟುಕಿಸದೆ ಅವಳನ್ನೇ ನೋಡುತ್ತಿತ್ತು. ಆ ಕೂಸಿನ ಹೆಸರು ಬೊಮ್ಮ.

ಹೊತ್ತೇರುವಷ್ಟರಲ್ಲಿ ಸಂತೆಬೀದಿಯಲ್ಲಿ ಅದೇ ಮುಖದವರು ಎದುರುಬದುರಾಗಿ ನಿಂತಿದ್ದರು. ವೈದ್ಯನ ಮೇಲೆ ಆ ಮುಖ, ಮಡಕೆ ಮಾರುವವನ ಮೇಲೆ ಆ ಮುಖ, ಅರಸನ ಮಗನೂ ಬೊಮ್ಮನಾದ್ದರಿಂದ ಕಿರೀಟದ ಕೆಳಗೂ ಅದೇ ಮುಖ. ಅರಸ ಗಾಬರಿಬಿದ್ದು ಡಂಗುರದವನನ್ನು ಚೌಕಕ್ಕೆ ಕಳಿಸಿ, ಒಬ್ಬೊಬ್ಬ ಬೊಮ್ಮನನ್ನೂ ಹೆಸರು ಕೂಗಿ ಬೇರೆ ಮಾಡು ಅಂದ. ಡಂಗುರದವನು ಒಮ್ಮೆ ಕೂಗಿದರೆ ಎಲ್ಲ ತಲೆಗಳೂ ಒಟ್ಟಿಗೆ ತಿರುಗುತ್ತಿದ್ದವು. ಕೂಗಿದಷ್ಟೂ ತಾವು ಯಾರೆಂಬುದೇ ಅವರಿಗೆ ಮರೆಯುತ್ತ ಹೋಯಿತು. ಮರೆವು ಹೆಚ್ಚಿದಷ್ಟೂ ತಾಯಂದಿರು ಅಳುತ್ತ ಇನ್ನಷ್ಟು ಕೂಗಿದರು. ಬುದ್ಧಿ ಕೆಟ್ಟಾಗ ಮದ್ದೂ ವಿಷವೇ.

ಹಗ್ಗದ ಬೊಮ್ಮನಿಗೆ ಮಾತ್ರ ಅವನದೇ ಗದ್ದ ಇನ್ನೂ ಉಳಿದಿತ್ತು. ಅವನ ತಾಯಿ ಅಡುಗೆಮನೆಯಿಂದ, ಬೊಮ್ಮಾ, ಉಣ್ಣೋಕೆ ಬಾರಪ್ಪಾ ಎಂದು ಕರೆದಳು. ಮುದ್ದವ್ವನ ಕಣ್ಣೆದುರಿಗೇ ಅವನ ಗದ್ದ ಕಲಸಿದ ಹಿಟ್ಟಿನಂತೆ ಒಳಸರಿದು ಮುದುಕನ ಗದ್ದವಾಯಿತು. ಅವಳು ಓಡಿಹೋಗಿ ಅತ್ತೆಯ ಬಾಯಿಗೆ ಕೈ ಅಡ್ಡ ಇಟ್ಟಳು.

"ಅತ್ತೆ, ಹೆಸರಿಡಿದು ಕರೀಬ್ಯಾಡಿ. ಕರೆದಷ್ಟೂ ಅವರು ನಮ್ಮ ಕೈ ಬಿಟ್ಟು ಹೋಗ್ತಾವ್ರೆ."

ಹಾಲುಗುಂದದಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ನಂಬಿಕೆ. ಆದ್ದರಿಂದ ಈ ಅನಾಹುತದಲ್ಲಿ ಪಾಲಿಲ್ಲದ ಬಾಯಿ ಎಂದರೆ ಹೆಂಡಿರ ಬಾಯಿ ಒಂದೇ. ಮುದ್ದವ್ವನಿಗೆ ಇದು ಹೊಳೆಯುವ ಹೊತ್ತಿಗೆ ನಡುಮಧ್ಯಾಹ್ನವಾಗಿತ್ತು. ಎಲ್ಲ ಬೊಮ್ಮರೂ ಎದ್ದರು. ಕೈಯ ಕೆಲಸ ಅಲ್ಲಲ್ಲೇ ಬಿಟ್ಟು, ಸಾಲುಹಿಡಿದು, ಕರಿಗುಡ್ಡದ ಕಡೆ ನಡೆದರು. ನೋಡುತ್ತ ನಿಂತವರ ಕಾಲ ಬುಡದಲ್ಲಿ ಪುಟ್ಟ ನೆರಳಾದರೂ ಇತ್ತು. ನಡೆಯುವವರಿಗೆ ಅದೂ ಇರಲಿಲ್ಲ. ತೊಟ್ಟಿಲ ಕೂಸುಗಳು ನಡೆಯಲಾರದೆ ಗುಡ್ಡದ ಕಡೆ ಕತ್ತು ತಿರುಗಿಸಿಕೊಂಡು ಮಲಗಿದವು.

ಅರಸನ ಸೈನಿಕರು ಹಿಂದೆಯೇ ಹೋದರು, ಬರಲಿಲ್ಲ. ಮುಪ್ಪಿನ ಅತ್ತೆ ಸೊಸೆಯ ಕೈ ಹಿಡಿದು ತನ್ನ ಹಿರಿಯರಿಂದ ಕೇಳಿದ್ದನ್ನು ಹೇಳಿದಳು. ಗುಡ್ಡದೊಳಗಿನ ಅರಸ ತನ್ನ ಹೆಸರನ್ನು ಕೇಳಿ ಕೇಳಿಯೇ ಇಷ್ಟು ಕಾಲ ಬಲಿತಿದ್ದಾನೆ. ಇವತ್ತು ಅಮಾವಾಸ್ಯೆ. ಹೊತ್ತು ಮುಳುಗಿದರೆ ಅಷ್ಟೂ ಮೈಗಳನ್ನು ಅವನೇ ತೊಟ್ಟುಕೊಂಡು ಈಚೆ ಬರುತ್ತಾನೆ. ಆಮೇಲೆ ಮಗನೂ ಇಲ್ಲ, ಗಂಡನೂ ಇಲ್ಲ. ಮುದ್ದವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳು. ಅವಳಿಗೆ ಭಯವಾಗಿತ್ತು. ಆದರೆ ಅವನಿಲ್ಲದ ಮನೆಗೆ ದೀಪ ಹಚ್ಚುವುದನ್ನು ನೆನೆದರೆ ಅದಕ್ಕಿಂತ ಹೆಚ್ಚು ಭಯವಾಗುತ್ತಿತ್ತು.

ಗುಡ್ಡದ ಬುಡದಲ್ಲಿ ಸೈನಿಕರು ಕೂತಿದ್ದರು. ಕಣ್ಣು ತೆರೆದಿತ್ತು, ಬಾಯಿ ತೆರೆದಿತ್ತು, ಒಳಗೆ ನಾಲಿಗೆ ಕಲ್ಲಾಗಿತ್ತು. ಅವರ ನಡುವೆ ಒಂದು ಬೂದುಬಣ್ಣದ ತೋಳ ಮಲಗಿತ್ತು. ಅದು ಮನುಷ್ಯರಂತೆ ಮಾತಾಡಿತು. ಯಾರನ್ನು ಹುಡುಕಿಕೊಂಡು ಬಂದೆ, ಹೆಸರು ಹೇಳು, ಕರೆದುಕೊಡುತ್ತೇನೆ ಎಂದಿತು. ನಮ್ಮ ಮನೆಯವರನ್ನು ಅಂದಳು ಮುದ್ದವ್ವ. ಮನೆಯವರೆಂದರೆ ಯಾರು ಎಂದಿತು ತೋಳ. ನಮ್ಮತ್ತೆಯ ಮಗ ಅಂದಳು. ಅತ್ತೆಯ ಮಗ ಎಂದರೆ ಯಾರು ಎಂದಿತು. ನಮ್ಮ ನಾದಿನಿಯ ಅಣ್ಣ ಅಂದಳು. ನಾದಿನಿಯ ಅಣ್ಣ ಎಂದರೆ ಯಾರು ಎಂದು ಹಲ್ಲು ಕಡಿಯಿತು. ನಮ್ಮ ಮನೆಯವರು ಅಂದಳು. ತೋಳ ಕಚ್ಚುವುದು ಹೆಸರನ್ನು. ಹೆಸರೇ ಸಿಗದೆ ಅದರ ಹಲ್ಲು ಬರಿದೇ ಕಟಕಟಿಸಿತು. ಅವಳು ಅದನ್ನು ದಾಟಿ ಹತ್ತಿದಳು.

ಗುಡ್ಡದ ನಡುವಿನಲ್ಲಿ ಎಲೆಯಿಲ್ಲದ ಒಂದು ಮರ. ಕೊಂಬೆ ಕೊಂಬೆಗೂ ಗೂಬೆಗಳು ಹಗಲಲ್ಲೇ ಕಣ್ಣು ತೆರೆದು ಕೂತಿದ್ದವು. ಅವಳು ಅದರ ಕೆಳಗೆ ಬಂದಾಗ ಬೆನ್ನ ಹಿಂದಿನಿಂದ ಅವಳ ಗಂಡನ ದನಿ ಬಂತು.

"ಮುದ್ದೀ, ನಂಗೆ ದಾರಿ ಕಾಣ್ತಾ ಇಲ್ಲ. ಒಂದೇ ಒಂದು ಸಲ ನನ್ನ ಹೆಸರು ಕೂಗು, ಬಂದುಬಿಡ್ತೀನಿ."

ಅದು ಗೂಬೆಯ ಕೂಗೋ ಗಂಡನದೋ ಅವಳಿಗೆ ಗೊತ್ತಾಗಲಿಲ್ಲ. ಅವನದೇ ಆಗಿದ್ದರೆ, ಅವನು ಕರೆದಾಗ ತಿರುಗಿ ನೋಡದೆ ಹೋದ ಪಾಪ ತನ್ನದು. ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಅಳುತ್ತ, ಮೇಲೆ ನಡೆದಳು. ದನಿ ಬಹಳ ದೂರ ಹಿಂದೆ ಬಂದು, ಕೊನೆಗೆ ಗೂಬೆಯ ಕೂಗಾಗಿ ನಿಂತುಹೋಯಿತು.

ತುದಿಯಲ್ಲಿ ಗವಿಯ ಬಂಡೆ ಪಕ್ಕಕ್ಕೆ ಸರಿದಿತ್ತು. ಅಲ್ಲಿ ಮದುವೆಮನೆಯ ಹಾಗೆ ಮಾವಿನ ತೋರಣ ಕಟ್ಟಿ, ಹೊಸ್ತಿಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಹೊಸ್ತಿಲಿಗಡ್ಡವಾಗಿ ಆರತಿ ತಟ್ಟೆ ಹಿಡಿದು ಹೆಂಗಸರು ನಿಂತಿದ್ದರು. ಮೈತುಂಬ ಒಡವೆ, ತಲೆತುಂಬ ಹೂವು. ಮುಖ ಇರಬೇಕಾದ ಕಡೆ ಬರಿಯ ನುಣುಪು ಚರ್ಮ. ಗಂಡನ ಹೆಸರು ಹೇಳಿ ಒಳಗೆ ಬಾ ಎಂದು ಅವರು ರಾಗವಾಗಿ ಹಾಡಿದರು. ಹೊಸ ಸೊಸೆಯನ್ನು ಹೀಗೆ ತಡೆದು ಹೆಸರು ಹೇಳಿಸುವುದು ಊರಿನ ಪದ್ಧತಿ. ಹೆಂಡತಿ ಗಂಡನ ಹೆಸರು ಹೇಳಬಹುದಾದ ಜಾಗ ಲೋಕದಲ್ಲಿ ಅದೊಂದೇ. ಹೇಳದೆ ಕಾಲಿಟ್ಟರೆ ಮರ್ಯಾದೆಯಲ್ಲ. ಮುದ್ದವ್ವ ಎತ್ತಿದ ಕಾಲನ್ನು ಹಾಗೇ ಹಿಡಿದು ಯೋಚಿಸಿದಳು.

"ಹೊಸ್ತಿಲಲ್ಲಿ ಹೆಸರು ಹೇಳೋಳು ಆ ಮನೆಗೆ ಸೇರೋಳು, ಅಕ್ಕಯ್ಯ. ನಾನು ಈ ಮನೆ ತುಂಬೋಕೆ ಬಂದಿಲ್ಲ. ಈ ಮನೆಯಿಂದ ಕರ್ಕೊಂಡು ಹೋಗೋಕೆ ಬಂದಿದ್ದೀನಿ. ಹೊರಟು ನಿಂತೋರಿಗೆ ಆರತಿ ಎತ್ತೋ ಪದ್ಧತಿ ನಿಮ್ಮಲ್ಲುಂಟಾ?"

ಪದ್ಧತಿಯನ್ನೇ ಹಿಡಿದು ತಡೆದವರು ಪದ್ಧತಿಯ ಮಾತಿಗೇ ಸೋತರು. ತಟ್ಟೆಗಳನ್ನು ಕೆಳಗಿಟ್ಟು ಅವರು ಗೋಡೆಗೆ ಸರಿದರು, ಗೋಡೆಯೊಳಗೇ ಇಂಗಿದರು.

ಒಳಗೆ ದೊಡ್ಡ ಹಜಾರ. ಊಟಕ್ಕೆ ಕೂತ ಪಂಕ್ತಿಯ ಹಾಗೆ ಬೊಮ್ಮರು ಸಾಲುಸಾಲಾಗಿ ಕೂತಿದ್ದರು. ಎಲ್ಲರ ಮುಂದೆಯೂ ಬಾಳೆಲೆ, ಎಲೆಯ ಮೇಲೆ ಏನೂ ಇಲ್ಲ. ಎಲ್ಲರದೂ ಒಂದೇ ಮುಖ, ಒಂದೇ ಉಡುಪು. ಮುದ್ದವ್ವ ಬಾಗಿ ಬಾಗಿ ಅಂಗೈಗಳನ್ನು ನೋಡಿದಳು, ಹಗ್ಗದ ಜಡ್ಡು ಸಿಕ್ಕೀತೆಂದು. ಅಂಗೈಗಳೂ ಒಂದೇ, ಮುದುಕನವು, ತಣ್ಣಗಿದ್ದವು. ಆಗ ಅಷ್ಟೂ ಬಾಯಿಗಳಿಂದ ಒಂದೇ ಮಾತು ಬಂತು.

"ನಿನ್ನವನನ್ನು ಗುರುತು ಹಿಡಿದು ಕರೆದುಕೊಂಡು ಹೋಗು. ನಾನೂ ಇವರ ನಡುವೆ ಕೂತಿದ್ದೇನೆ. ತಪ್ಪಿ ನನ್ನ ಕೈ ಹಿಡಿದರೆ, ನಿನ್ನ ಮನೆಗೆ ನಾನೇ ಬರುತ್ತೇನೆ."

ಹೊರಗೆ ಬಿಸಿಲು ಹಳದಿಗೆ ತಿರುಗಿತ್ತು. ಹೆಸರುವಾಸಿಗಳಲ್ಲಿ ಒಬ್ಬರಿಗಾದರೂ ಎಚ್ಚರವಿದ್ದರೆ ಸಹಾಯವಾದೀತು ಎಂದುಕೊಂಡು ಮುದ್ದವ್ವ, ದೊಡ್ಡ ಕೆರೆಯ ಏರಿ ಕಟ್ಟಿದವರು ಯಾರು ಎಂದು ಕೇಳಿದಳು. ಏರಿ ಕಟ್ಟಿದವನು ಎಲ್ಲೋ ಕೂತಿದ್ದ, ಅವನಿಗೆ ಏರಿಯೂ ನೆನಪಿರಲಿಲ್ಲ, ಕೆರೆಯೂ ನೆನಪಿರಲಿಲ್ಲ. ಆದರೆ ಒಳಗಿನ ಕೊನೆಯ ಸಾಲಿನಿಂದ ಒಬ್ಬ ನಾನೇ ಅಂದ. ಅವಳು ಸಂತೋಷದಿಂದ ಆ ಕಡೆ ಹೆಜ್ಜೆ ಹಾಕಿದಳು. ಅಷ್ಟರಲ್ಲಿ ಬಾಗಿಲ ಪಕ್ಕದಿಂದ ಸಣ್ಣ ದನಿ ಬಂತು: ಅದು ನಾನಲ್ಲ.

ಮುದ್ದವ್ವನ ಹೆಜ್ಜೆ ನಿಂತಿತು. ಅವಳು ಮತ್ತೆ ಕೇಳಿದಳು, ನಾಡಿ ಹಿಡಿದು ಜ್ವರ ಇಳಿಸುವವರು ಯಾರು? ಕೊನೆಯ ಸಾಲಿನ ಅದೇ ಮುದುಕ ನಾನೇ ಅಂದ. ಬಾಗಿಲ ಪಕ್ಕದವನು, ಅದು ನಾನಲ್ಲ ತಾಯಿ, ಆಚೆ ಬೀದಿಯಲ್ಲಿ ಕೇಳಿ ಅಂದ. ಅವಳು ಮೂರನೆಯ ಸಲ ಕೇಳಿದಳು, ಕಿನ್ನರಿ ನುಡಿಸುವವರು ಯಾರು? ಕೊನೆಯ ಸಾಲಿನವನು ನಾನೇ ಅಂದ. ಬಾಗಿಲ ಪಕ್ಕದವನು, ಅಯ್ಯೋ, ಅದೂ ನಾನಲ್ಲ ಅಂದ.

ಮುದ್ದವ್ವ ಅಳುತ್ತ ನಕ್ಕಳು. ಅವನಿಗೆ ಊರು ಮರೆತಿತ್ತು, ಮನೆ ಮರೆತಿತ್ತು, ತಾನು ಯಾರೆಂಬುದೂ ಮರೆತಿತ್ತು. ತಾನು ಯಾರಲ್ಲ ಎಂಬುದೊಂದು ಮಾತ್ರ ಮರೆತಿರಲಿಲ್ಲ. ಅವಳು ಹೋಗಿ ಅವನ ಕೈ ಹಿಡಿದಳು.

ಕೊನೆಯ ಸಾಲಿನ ಅರಸ ಎದ್ದು ನಿಂತ. "ಸಿಕ್ಕಿದನಲ್ಲ, ಕರೆದುಕೊಂಡು ಹೋಗು. ಮುಖ ಮಾತ್ರ ನನ್ನದೇ ಇರುತ್ತದೆ. ಮಿಕ್ಕವರೆಲ್ಲ ನನ್ನವರು. ನನ್ನ ಹೆಸರು ಕೂಗುವ ಬಾಯಿ ಇರುವ ತನಕ ನನಗೆ ಸಾವಿಲ್ಲ."

ಹಿಡಿದ ಕೈ ಇನ್ನೂ ತಣ್ಣಗೇ ಇತ್ತು. ಬಾಣಂತಿಯ ತೊಟ್ಟಿಲು ಮುದ್ದವ್ವನ ಕಣ್ಣಮುಂದೆ ಬಂತು. ಸಿಟ್ಟು ನೆತ್ತಿಗೇರಿತು. ಆದರೂ ಅವಳು ಸೆರಗು ಹೊದ್ದು, ದೊಡ್ಡವರ ಮುಂದೆ ನಿಲ್ಲುವ ಹಾಗೆ ನಿಂತಳು. ಹೋಗುವ ಮೊದಲು ಕೇಳುತ್ತೇನೆ ಅಪ್ಪಾಜಿ, ಹಾಲುಗುಂದವನ್ನು ಕಟ್ಟಿದವರು ಯಾರು ಅಂದಳು.

"ನಾನೇ."

"ಈ ಗುಡ್ಡಕ್ಕೆ ಒಡೆಯರು ಯಾರು?"

"ನಾನೇ."

"ಈ ಬಂಡೆ ಕೆಳಗೆ ಸತ್ತು ಮಣ್ಣಾದೋರು ಯಾರು?"

"ನಾನೇ," ಅಂದ ಅರಸ.

ಯಾರದ್ದಾದರೂ ತನ್ನದೇ ಎನ್ನುವ ಬಾಯಿ ಅದು. ಹೊರಟ ಮಾತನ್ನು ಹಿಂದಕ್ಕೆ ನುಂಗಲು ಅವನು ಕೈಯನ್ನು ಬಾಯಿಗೊಯ್ದ. ಕೈ ಬಾಯಿ ಮುಟ್ಟುವ ಮೊದಲೇ ಬೆರಳುಗಳು ಉದುರಿದವು. ತೋಳು ಉದುರಿತು, ಎದೆ ಕುಸಿಯಿತು. ಬಿಳಿಹುಬ್ಬಿನ ಮುಖ ಗಾಳಿಯಲ್ಲಿ ಒಂದು ಗಳಿಗೆ ತಾನೊಂದೇ ನಿಂತು, ಸಾಲಿನಲ್ಲಿ ಕೂತ ಅಷ್ಟೂ ತನ್ನ ಮುಖಗಳನ್ನು ಆಸೆಯಿಂದ ನೋಡಿ, ಬಾಳೆಲೆಯ ಮೇಲೆ ಹಿಡಿ ಮಣ್ಣಾಗಿ ಬಿತ್ತು.

ಹಜಾರದಲ್ಲಿ ಮುಖಗಳು ಒಂದೊಂದಾಗಿ ಮರಳಿದವು. ಕೆಳಗೆ ಸೈನಿಕರ ನಾಲಿಗೆ ಆಡಿತು. ಊರಲ್ಲಿ ತೊಟ್ಟಿಲ ಕೂಸುಗಳು ಹಾಲಿಗಾಗಿ ಒಟ್ಟಿಗೇ ಅತ್ತವು, ಆ ಅಳು ಗುಡ್ಡದ ತುದಿಗೂ ಕೇಳಿತು. ಆದರೆ ಗವಿಯಲ್ಲಿದ್ದ ಗಂಡಸರು ಗಾಢ ನಿದ್ದೆಯಿಂದ ಎದ್ದವರಂತೆ, ತಾವು ಯಾರೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದರು. ಮುದ್ದವ್ವ ಏರಿ ಕಟ್ಟಿದವರು ಯಾರು ಎಂದು ಮತ್ತೆ ಕೇಳಿದಾಗ ಒಬ್ಬ ನಾನು ಎಂದು ಎದ್ದ. ವೈದ್ಯರು ಯಾರು ಎಂದಾಗ ಇನ್ನೊಬ್ಬ ಎದ್ದ. ಕಿನ್ನರಿಯವರು ಯಾರು ಎಂದಾಗ ಮತ್ತೊಬ್ಬ ಎದ್ದ. ಮಿಕ್ಕವರನ್ನು ಅವರವರ ಕಸುಬು ಹೇಳಿ, ಬೀದಿ ಹೇಳಿ ಎಬ್ಬಿಸಿದಳು.

ಹಗ್ಗದವನು ಮಾತ್ರ ಅವಳ ಕೈಯಲ್ಲಿ ಕೈಯಿಟ್ಟು ಕೂತೇ ಇದ್ದ. ಅವನದೇ ಗದ್ದ, ಅವನದೇ ಕಣ್ಣು, ಅಂಗೈಯಲ್ಲಿ ಜಡ್ಡು. ಆ ಕಣ್ಣಿಗೆ ಅವಳ ಗುರುತು ಹತ್ತಿರಲಿಲ್ಲ. ಹಗ್ಗ ಹೊಸೆಯುವವರು ಯಾರು ಎಂದು ಕೇಳೋಣವೆಂದುಕೊಂಡಳು. ಆದರೆ ಬಾಯಿಂದ ಬೇರೆಯೇ ಮಾತು ಬಂತು.

"ಮುದ್ದವ್ವನ ಗಂಡ ಯಾರು?"

ಅವನು ಅಭ್ಯಾಸದಂತೆ ಆಚೆ ನೋಡಿದ, ಈಚೆ ನೋಡಿದ. ತನಗಿಂತ ಹೆಸರಾದವರು ಯಾರಾದರೂ ಎದ್ದಾರೆಂದು ಕಾದ. ಏರಿಯವನು ಏಳಲಿಲ್ಲ. ವೈದ್ಯ ಏಳಲಿಲ್ಲ. ಕಿನ್ನರಿಯವನೂ ಏಳಲಿಲ್ಲ. ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿ, ಮೆಲ್ಲಗೆ ಎದ್ದು ನಿಂತ.

"ನಾನು," ಅಂದ.

ಆ ಸಂಜೆ ಹಾಲುಗುಂದದ ಮನೆಮನೆಯಲ್ಲಿ ದೀಪ ಹತ್ತಿತು. ಅವರೆಲ್ಲ ಬಹುಕಾಲ ಉಂಡುಟ್ಟು ನಲಿದು ಬಾಳಿದರು. ಈ ಕತೆ ಹೇಳಿದವರ ಮನೆಯೂ ಕೇಳಿದವರ ಮನೆಯೂ ಹಾಗೇ ಬೆಳಗಲಿ.