ಮೆಲ್ಲಕ ಇಳಿದ ಬೆಳಕು

"ಆ ಮಷೀನು ನನ್ನವ್ವನ ಸೀನಿಗೆ ಬ್ಯಾಡ! ಮೊದ್ಲ ತಗೀರಿ ಅದನ್ನ!"

ಬಸವನ ಬಾಗೇವಾಡಿಯ ಆ ಸಭಾಭವನದಲ್ಲಿ ಕುರ್ಚಿ ಹಾಕುತ್ತಿದ್ದವರೆಲ್ಲ ಕೈಯಲ್ಲಿದ್ದ ಕುರ್ಚಿಯನ್ನು ಹಾಗೇ ಹಿಡಿದು ತಿರುಗಿ ನೋಡಿದರು.

ಕೂಗಿದವಳು ಭಾಗ್ಯಜ್ಯೋತಿ. ಸಿಂದಗಿಯಿಂದ ಟೆಂಪೋದಲ್ಲಿ ಲೈಟುಗಳ ಜೊತೆ ಬಂದಿಳಿದು ಇನ್ನೂ ಮುಖ ತೊಳೆದಿರಲಿಲ್ಲ. ಒಳಗೆ ಕಾಲಿಟ್ಟೊಡನೆ ಹಿಂದಿನ ಮೇಜಿನ ಮೇಲೆ ಕಂಡದ್ದು ಲೈಟು ಕುಣಿಸುವ ಆ ಕಪ್ಪು ಕನ್ಸೋಲ್. ಅದರ ಹಿಂದೆ ಬಗ್ಗಿ ವೈರ್ ಸಿಕ್ಕಿಸುತ್ತಿದ್ದವನು ಮೆಲ್ಲಗೆ ತಲೆ ಎತ್ತಿದ.

ಕಲ್ಮೇಶ!

ಎರಡು ವರ್ಷದಿಂದ ಮುದ್ದೇಬಿಹಾಳದ ಬಸ್ ಕಂಡರೂ ಮುಖ ತಿರುಗಿಸುತ್ತಿದ್ದಳು ಜ್ಯೋತಿ. ಆದರೆ ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಲೈಟಿನ ಕೆಲಸ ಮಾಡುವ ಇಬ್ಬರು ಎಷ್ಟು ದಿನ ಒಬ್ಬರಿಗೊಬ್ಬರು ತಪ್ಪಿಸಿಕೊಂಡು ತಿರುಗಬಹುದು?

'ಇವನ್ಯಾಕೆ ಇಷ್ಟು ಸೊರಗಿದ್ದಾನೆ...' ಎಂದಿತು ಮನಸ್ಸು. ಆ ಮನಸ್ಸಿನ ಮೇಲೇ ಅವಳಿಗೆ ಸಿಟ್ಟು ಬಂತು.

ಜ್ಯೋತಿಯ ಅವ್ವ ಹೊನ್ನವ್ವನ ಸನ್ಮಾನ ನಡೆಸುತ್ತಿದ್ದ ಹಿರಿಯ ಸಿದ್ದಲಿಂಗ ಓಡಿ ಬಂದ.

"ತಂಗಿ, ಸಿಟ್ಟಾಗಬ್ಯಾಡವಾ. ಆರ್ಕೆಸ್ಟ್ರಾ ಐತಿ, ಹುಡುಗ್ಯಾರ ಡ್ಯಾನ್ಸ್ ಐತಿ. ತಿರುಗೋ ಲೈಟು ನಿನ್ನ ಹಳೇ ಬೋರ್ಡಿನ ಮಾತ ಕೇಳತಾವೇನು? ಅದಕ್ಕ ಇವರನ್ನ ಕರಿಸೇನಿ."

ಮಾತು ಸುಳ್ಳಲ್ಲ. ಹೋದ ತಿಂಗಳು ಇಂಡಿ ಊರಿನ ಒಂದು ಮದುವೆಯೂ ಇದೇ ಕಾರಣಕ್ಕೆ ಅವಳ ಕೈ ತಪ್ಪಿತ್ತು. ಹಳೇ ಡಿಮ್ಮರ್ ಬೋರ್ಡ್ ಎಂದರೆ ಸಾಲಾಗಿ ನಿಂತ ಹಿಡಿಕೆಗಳು, ಅಷ್ಟೇ. ಬೆರಳು ಮೇಲೆ ಹೋದರೆ ಬೆಳಕು ಏರುತ್ತದೆ, ಕೆಳಗೆ ಬಂದರೆ ಇಳಿಯುತ್ತದೆ. ಕನ್ಸೋಲಿನ ಸಂಗತಿ ಬೇರೆ. ಮೊದಲೇ ಕೂತು ಎಲ್ಲ ಬಣ್ಣ ಹೊಂದಿಸಿಟ್ಟರೆ, ಆಮೇಲೆ ಒಂದು ಬಟನ್ ಒತ್ತಿದರೆ ಸಾಕು, ಇಡೀ ರಂಗವೇ ಕುಣಿಯುತ್ತದೆ.

ಅವಳಪ್ಪ ಮಡಿವಾಳಪ್ಪ ಹೇಳುತ್ತಿದ್ದ, "ಗಾಡಿಗೆ ಬ್ಯಾರೆ ಎತ್ತು, ಹೊಲದ ಕುಂಟಿಗೆ ಬ್ಯಾರೆ ಎತ್ತು. ಹಾಡು ಎಷ್ಟೊತ್ತಿಗೆ ಮುಗೀತೈತಿ ಅಂತ ಮೊದ್ಲ ಗೊತ್ತಿರತೈತಿ, ಅದಕ್ಕ ಮಷೀನ ನಡೀತೈತಿ. ನಾಟಕದಾಗ ಅಳೋ ಹೆಣಮಗಳ ಉಸರು ಎಷ್ಟೊತ್ತಿಗೆ ಬಿಡತಾಳಂತ ಯಾವ ಮಷೀನಿಗೆ ಗೊತ್ತು? ಅದಕ್ಕ ಕೈ ಬೇಕು!"

"ಸಿದ್ದಲಿಂಗಣ್ಣಾ..." ಕಲ್ಮೇಶ ಬಾಯಿ ಬಿಟ್ಟ. ದನಿ ತಗ್ಗಿತ್ತು. "ಅವರು ಅಂದದ್ದು ಖರೆ ಐತ್ರಿ. ಹೊನ್ನವ್ವಾರ ಸೀನಿಗೆ ಹಳೇ ಬೋರ್ಡ ಬೇಕು. ಎರಡೂ ಬಾಜೂಕ ಇಡೋಣು. ಹಾಡಿಗೆ ನಂದು, ಆ ಸೀನಿಗೆ ಅವರದು."

ಅವರು! ಒಂದು ಕಾಲಕ್ಕೆ 'ಜ್ಯೋತಿ, ನೀ' ಎನ್ನುತ್ತಿದ್ದ ಬಾಯಿ! ಜ್ಯೋತಿ ತನ್ನ ಬೋರ್ಡ್ ಇಳಿಸಲು ಟೆಂಪೋ ಕಡೆ ನಡೆದಳು.

* * *

ಹೊನ್ನವ್ವನ ಹೆಸರು ಹೇಳಿದರೆ ಈ ಕಡೆಯ ನಾಟಕದ ಮಂದಿ ಇವತ್ತಿಗೂ ಕೂತಲ್ಲಿಂದ ಎದ್ದು ನಿಲ್ಲುತ್ತಾರೆ. ಅವಳು ರಂಗದ ಮೇಲೆ, ಗಂಡ ಮಡಿವಾಳಪ್ಪ ಎದುರಿಗೆ ಬೋರ್ಡಿನ ಮುಂದೆ. ಇಡೀ ಬಾಳು ಹೀಗೆಯೇ ಕಳೆದವರು.

ಆದರೆ ಅವಳಿಗೊಂದು ಪೇಚಿತ್ತು. ರಂಗದ ಮೇಲೆ ಏನಾದರೂ ಎಡವಟ್ಟಾದರೆ ಉಳಿದ ನಟರು "ಏ ಮಡಿವಾಳಪ್ಪಾ" ಎಂದು ಮೆಲ್ಲಗೆ ಕೂಗಿ ಸನ್ನೆ ಮಾಡುತ್ತಿದ್ದರು. ಹೊನ್ನವ್ವ ಗಂಡನ ಹೆಸರು ಹಿಡಿದು ಕೂಗುವುದುಂಟೇ? ರಾಣಿಯ ಪಾತ್ರ ಹಾಕಿದರೂ ಗಂಡನ ಹೆಸರು ಹೇಳದ ಹೆಣ್ಣುಮಗಳು ಅವಳು! ಅದಕ್ಕೆ ಇಬ್ಬರೇ ಸೇರಿ ಒಂದು ಸನ್ನೆ ಮಾಡಿಕೊಂಡಿದ್ದರು. ಅವಳು ಬೋರ್ಡಿನ ಕಡೆ ನೋಡಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರೆ, 'ನನ್ನ ಮಾತು ಮುಗಿದವು, ಬೆಳಕು ಇಳಿಸ್ರಿ' ಎಂದರ್ಥ. ಈ ಸನ್ನೆ ಗೊತ್ತಿದ್ದವರು ಇನ್ನಿಬ್ಬರೇ. ಮಗಳು ಜ್ಯೋತಿ, ಮತ್ತು ಮಡಿವಾಳಪ್ಪನ ಕೈಕೆಳಗೆ ಕೆಲಸ ಕಲಿತ ಕಲ್ಮೇಶ.

ಅಪ್ಪ ತೀರಿದ ಮೇಲೆ ಮನೆಗೆ ಆಸರೆಯಾಗಿ ನಿಂತವನೂ ಕಲ್ಮೇಶನೇ. ಅವನ ಮೇಲೆ ಜ್ಯೋತಿಗೆ ಮನಸ್ಸಾಗಿತ್ತು. ಅವ್ವನೇ ಮುಂದಾಗಿ ಮದುವೆಯ ಮಾತುಕತೆ ಮುಗಿಸಿದ್ದಳು, ಅವನ ಕಡೆಯವರು ನಿಶ್ಚಯದ ಸೀರೆಯನ್ನೂ ಉಡಿಸಿದ್ದರು.

ಆಗ ಬಂತು ಮುದ್ದೇಬಿಹಾಳದ ನಾಟಕ. ಕಲ್ಮೇಶ ಹೊಸ ಕನ್ಸೋಲ್ ತಂದಿದ್ದ. "ಅದರ ಮ್ಯಾಲ ನಾಟಕ ಬ್ಯಾಡ್ರಿ," ಎಂದಿದ್ದಳು ಜ್ಯೋತಿ. "ಒಂದ ಸರ್ತಿ ನೋಡು ನೀ," ಎಂದು ನಕ್ಕಿದ್ದ ಅವನು.

ಜ್ಯೋತಿ ಪರದೆಯ ಹಿಂದೆ ಮುಂದಿನ ಸೀನಿನ ಲೈಟು ಕಟ್ಟುತ್ತಿದ್ದಳು. ಮುಂದೆ ಅವ್ವ ಅಳುತ್ತಿದ್ದಳು... ಇದ್ದಕ್ಕಿದ್ದಂತೆ ಕಗ್ಗತ್ತಲು! ಮಾತಿನ ನಡುವೆಯೇ! ಜನ ಸೀಟಿ ಹೊಡೆದರು. "ಆಯಿ, ಮನಿಗಿ ನಡಿ!" ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು.

"ಮಷೀನ ಕೈ ಕೊಡ್ತು..." ಎಂದಷ್ಟೇ ಹೇಳಿದ್ದ ಕಲ್ಮೇಶ, ತಲೆ ತಗ್ಗಿಸಿ.

ಆ ವಾರವೇ ಜ್ಯೋತಿ ನಿಶ್ಚಯದ ಸೀರೆಯನ್ನು ವಾಪಸ್ ಕಳಿಸಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅದನ್ನು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಅವ್ವ ಮತ್ತೆ ರಂಗ ಹತ್ತಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಬಚ್ಚಲಿಗೆ ಹೋಗುವ ದಾರಿ ಮರೆತಳು. ಕೊನೆಗೆ ಒಂದು ಬೆಳಿಗ್ಗೆ ಜ್ಯೋತಿಯ ಮುಖ ನೋಡಿ, "ಯಾರ ಮಗಳವಾ ನೀ?" ಎಂದು ಕೇಳಿದಳು. ರಾತ್ರಿ ಲೈಟ್ ಆರಿಸಿದರೆ ಚೀರಿ ಎದ್ದು ಕೂರುತ್ತಿದ್ದಳು. ಹೀಗಾಗಿ ಆ ಮನೆಯಲ್ಲಿ ಬೆಳಗಾಗುವತನಕ ಬಲ್ಬು ಉರಿಯುತ್ತಿತ್ತು. ಅದರ ಕೆಳಗೆ ಜ್ಯೋತಿ ಕಣ್ಣು ಮುಚ್ಚದೆ ಮಲಗಿರುತ್ತಿದ್ದಳು.

'ಆ ಕತ್ತಲೇ ನನ್ನವ್ವನನ್ನು ನುಂಗಿತು. ಆ ಕತ್ತಲು ಮಾಡಿದವನು ನೀನು, ಕಲ್ಮೇಶ...' ಈ ಎರಡು ವರ್ಷ ಇದೊಂದೇ ಮಾತನ್ನು ಅವಳು ಎದೆಯಲ್ಲಿ ಹೊತ್ತು ತಿರುಗಿದ್ದಳು.

* * *

ಅಷ್ಟೆಲ್ಲ ಮರೆತವಳು ಆ ಒಂದು ಸೀನನ್ನು ಮಾತ್ರ ಮರೆತಿರಲಿಲ್ಲ. ದಂಡಿಗೆ ಹೋದ ಮಗನಿಗಾಗಿ ಕಾಯುವ ತಾಯಿಯ ಮಾತುಗಳನ್ನು ಹಿತ್ತಲಲ್ಲಿ ಕೂತು ದಿನವೂ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅದನ್ನು ಕೇಳಿಯೇ ಸಿದ್ದಲಿಂಗ ಈ ಸನ್ಮಾನ ಇಟ್ಟುಕೊಂಡಿದ್ದ. ಒಂದೇ ಸೀನು. ಕೊನೆಯ ಸಲ.

ಜ್ಯೋತಿ ಬಯಸಿದ್ದೂ ಒಂದೇ. ಅವ್ವ ಇನ್ನೊಮ್ಮೆ ನಗೆಪಾಟಲಾಗಬಾರದು.

ಅವ್ವನ ಹಳೆಯ ಗೆಳತಿ ಸಾತವ್ವ ಬಣ್ಣದ ಕೋಣೆಯಲ್ಲಿ ಅವಳ ಜೊತೆಗಿದ್ದಳು. ಜ್ಯೋತಿ ರಂಗದ ಎದುರಿಗೆ ಬಂದು ಅಪ್ಪನ ಬೋರ್ಡಿನ ಮುಂದೆ ಕೂತಳು. ಪಕ್ಕದಲ್ಲೇ ಕಲ್ಮೇಶ. ನಡುವೆ ಒಂದು ಮೊಳ ಜಾಗ, ಎರಡು ವರ್ಷದ ಮೌನ.

ಮೊದಲು ಆರ್ಕೆಸ್ಟ್ರಾ. ಕಲ್ಮೇಶ ಬಟನ್ ಒತ್ತಿದಂತೆಲ್ಲ ತಾಳಕ್ಕೆ ಸರಿಯಾಗಿ ಕೆಂಪು ಬಿದ್ದು ನೀಲಿ ಎದ್ದಿತು. ಮಕ್ಕಳೆಲ್ಲ ಕೇಕೆ ಹಾಕಿದರು. ಚೆಂದವಿಲ್ಲ ಎಂದರೆ ಬಾಯಲ್ಲಿ ಹುಳ ಬಿದ್ದೀತು ಎನಿಸಿತು ಜ್ಯೋತಿಗೆ. 'ಇದು ಹಾಡಿಗೆ ಸರಿ... ಇಷ್ಟು ಕೈಚಳಕ ಇದ್ದವನು ಅವತ್ತು ಹೇಗೆ ತಪ್ಪಿದ?'

ಆಮೇಲೆ ಹೊನ್ನವ್ವ ಬಂದಳು. ರಂಗಕ್ಕೆ ಕೈಮುಗಿದಳು. ಜ್ಯೋತಿಯ ಬೆರಳು ಮೆಲ್ಲಗೆ ಏರಿದವು. ಅವ್ವನ ಮುಖದ ಮೇಲೆ ಎಳೆ ಹಳದಿ ಬೆಳಕು ಕೂತಿತು. ಅಬ್ಬಾ! ಬೆನ್ನು ನೆಟ್ಟಗಾಯಿತು, ದನಿ ಹಿಂದಿನಂತೆ ಕೊನೆಯ ಕುರ್ಚಿಗೆ ಮುಟ್ಟಿತು.

"ಬಾಗಿಲಾ ತಗದ ಇಟ್ಟೇನಪ್ಪಾ... ರೊಟ್ಟಿ ಮುಚ್ಚಿ ಇಟ್ಟೇನಪ್ಪಾ... ದಂಡಿನಿಂದ ಬಂದ ನನ್ನ ಮಗಾ ಬಾಗಲಾಗ ನಿಂತು ಏನಂತಾನ... ಏನಂತಾನ..."

ಮಾತು ನಿಂತಿತು.

'ಅವ್ವಾ... ಹಸಿವ್ಯಾಗೇತಿ ಅಂತಾನ... ಹೇಳವ್ವಾ...' ಜ್ಯೋತಿಯ ತುಟಿ ಕತ್ತಲಲ್ಲೇ ಅಲುಗಿದವು.

"ಏನಂತಾನ..." ಹೊನ್ನವ್ವ ಮತ್ತೆ ಅಂದಳು. ಕಣ್ಣು ಅತ್ತಿತ್ತ ಹುಡುಕಿದವು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಕುರ್ಚಿಗಳು ಸದ್ದು ಮಾಡತೊಡಗಿದವು. ಇನ್ನೊಂದು ಕ್ಷಣ ಹೋದರೆ ಸೀಟಿ ಬೀಳುತ್ತದೆ...

ಆಗ ಹೊನ್ನವ್ವ ನೇರ ಬೋರ್ಡಿನ ಕಡೆ ನೋಡಿದಳು. ಕೈ ಮೆಲ್ಲಗೆ ಹೆಗಲಿಗೆ ಹೋಯಿತು. ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದಳು.

ಜ್ಯೋತಿಗೆ ಹೊಳೆಯಿತು. ಮಾತು ಮುಗಿದಿರಲಿಲ್ಲ. ಮರೆತುಹೋಗಿದ್ದವು! ಮರೆತದ್ದು ಜನಕ್ಕೆ ತಿಳಿಯುವ ಮೊದಲೇ ಬೆಳಕು ಇಳಿಸಿ ಕಾಪಾಡಿ ಎಂದು ಅವ್ವ ಬೇಡುತ್ತಿದ್ದಳು.

ಬೆರಳು ತಾನಾಗಿಯೇ ಕೆಲಸ ಮಾಡಿದವು. ಹಿಂದಿನ ನೀಲಿ ಇಳಿಯಿತು, ಆಮೇಲೆ ಪಕ್ಕದ್ದು. ಮುಖದ ಮೇಲಿನ ಹಳದಿ ಮಾತ್ರ ಒಂದು ದೀರ್ಘ ಉಸಿರಿನಷ್ಟು ಹೊತ್ತು ಉಳಿದು, ಮೆಲ್ಲಗೆ... ಮೆಲ್ಲಗೆ ಆರಿತು.

ಸಭೆ ಸ್ತಬ್ಧವಾಯಿತು. ಮಗ ಬರಲೇ ಇಲ್ಲ ಎಂದು ಜನ ತಿಳಿದುಕೊಂಡಿದ್ದರು. ಯಾರೋ ಹೆಂಗಸು ಬಿಕ್ಕಿದಳು. ಮರುಕ್ಷಣ ಇಡೀ ಭವನ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಆ ಸದ್ದಿನಲ್ಲಿ ಜ್ಯೋತಿ ಪಕ್ಕಕ್ಕೆ ತಿರುಗಿದಳು.

"ಮುದ್ದೇಬಿಹಾಳದಾಗೂ... ಅವ್ವ ಸೆರಗ ಹೊದ್ದಿದ್ಲೇನು?"

ಕಲ್ಮೇಶ ಕನ್ಸೋಲಿನ ಕಡೆ ಮುಖ ತಿರುಗಿಸಿದ.

"ಹೇಳ್ರಿ! ನನ್ನಾಣಿ ಐತಿ, ಹೇಳ್ರಿ!"

"...ಹೂಂ."

* * *

ಬಣ್ಣದ ಕೋಣೆಯಲ್ಲಿ ಸಾತವ್ವ ಹೊನ್ನವ್ವನ ಬಣ್ಣ ಒರೆಸುತ್ತಿದ್ದಳು. ಜ್ಯೋತಿ ಓಡಿ ಹೋಗಿ ಅವಳ ಕಾಲ ಬಳಿ ಕೂತಳು.

"ಅವ್ವಾ..."

ಹೊನ್ನವ್ವ ಅವಳ ಗಲ್ಲ ಸವರಿ ನಕ್ಕಳು. "ಯಾಕ ಅಳತಿ ತಂಗಿ? ಯಾರವಾ ನೀ?... ಬೆಳಕ ನೋಡಿದ್ಯಾ? ಬೋರ್ಡಿನ ಮ್ಯಾಲ ನಮ್ಮನಿಯವರು ಕುಂತಾರ. ಅವರ ಕೈ ನನಗ ಗೊತ್ತಾಗತೈತಿ. ಹಂಗ ಮೆಲ್ಲಕ ಇಳಸಾಕ ಬ್ಯಾರೇದವರಿಗೆ ಬರೂದಿಲ್ಲ."

ಜ್ಯೋತಿ ಅವ್ವನ ಮಡಿಲಲ್ಲಿ ಮುಖ ಹುದುಗಿಸಿ ಅತ್ತಳು. ಮಗಳು ಯಾರೆಂದು ಅವ್ವನಿಗೆ ತಿಳಿಯಲಿಲ್ಲ, ಮಗಳ ಕೈ ಮಾತ್ರ ತಿಳಿದಿತ್ತು. ಅದೂ ಗಂಡನ ಕೈ ಎಂದು! ಇದಕ್ಕೆ ನಗಬೇಕೋ ಅಳಬೇಕೋ...

ಹೊರಗೆ ಕಲ್ಮೇಶ ಅವಳ ಬೋರ್ಡನ್ನು ಟೆಂಪೋಕ್ಕೆ ಏರಿಸುತ್ತಿದ್ದ. ಜ್ಯೋತಿ ಬಂದು ಎದುರಿಗೆ ನಿಂತಳು.

"ಯಾಕ ಹೇಳಲಿಲ್ಲ?"

"ಅವತ್ತ ನಾಟಕ ಆದ ಮ್ಯಾಲ ಅವ್ವ ನನ್ನ ಎರಡೂ ಕೈ ಹಿಡಕೊಂಡ್ಲು ಜ್ಯೋತಿ," ಎಂದ ಅವನು. "'ಮರೆವು ಬಂದೈತಿ ಅಂತ ಗೊತ್ತಾದ್ರ ಜ್ಯೋತಿ ನನ್ನ ಬಿಟ್ಟು ಮದಿವಿ ಆಗೂದಿಲ್ಲ, ಮನ್ಯಾಗ ಕುಂದರತಾಳ. ಮಷೀನ ಕೆಟ್ಟಿತ್ತು ಅನ್ನಪಾ' ಅಂತ ಆಣಿ ಹಾಕಿಸಿದ್ಲು. ಆಮ್ಯಾಲ ಆಕಿಗೇ ಆ ಆಣಿ ಮರತ ಹೋತು."

ಮಗಳ ಮದುವೆ ನಿಲ್ಲಬಾರದೆಂದು ಅವ್ವ ಹೇಳಿಸಿದ ಸುಳ್ಳು ಅದು. ಅದೇ ಸುಳ್ಳಿಗೆ ಮದುವೆ ನಿಂತಿತ್ತು!

"ಎರಡ ವರ್ಷ!" ಜ್ಯೋತಿ ಅವನ ಎದೆಗೆ ಮುಷ್ಟಿಯಿಂದ ಗುದ್ದಿದಳು. "ಉಪ್ಪು ಜಾಸ್ತಿ ಹಾಕಿದ್ಲಂತ ಬೈದೇನಿ ಆಕಿಗೆ. ಗೊತ್ತಾಗಿದ್ರ ಲಗೂನ ದವಾಖಾನಿಗೆ ತೋರಸ್ತಿದ್ದೆ... ನನ್ನ ಹೆಸರ ಹಿಡದು ಕರಿಯೋ ದಿನಾ ಇನ್ನೊಂದಿಷ್ಟು ಉಳೀತಿದ್ವೋ ಏನೋ! ಅವೂ ಹೋದ್ವಲ್ಲ!"

"ತಪ್ಪಾತು." ಅವನ ಕಣ್ಣು ತುಂಬಿದ್ದವು. "ಇನ್ನೊಂದು ತಪ್ಪೂ ನಂದ. ಅವತ್ತ ಹಳೇ ಬೋರ್ಡ್ ಇದ್ದಿದ್ರ ಮೆಲ್ಲಕ ಇಳಸ್ತಿದ್ದೆ, ಮಂದಿ ನಗ್ತಿದ್ದಿಲ್ಲ. ಹೊಸಾ ಮಷೀನು... ಗಾಬರ್ಯಾಗ ಎಲ್ಲಾ ಒಮ್ಮೆಲೆ ಆರಸೋ ಬಟನ್ ಒಂದ ಕೈಗೆ ಸಿಕ್ತು. ನೀ ಬ್ಯಾಡ ಅಂದಿದ್ದಿ, ನಾ ಕೇಳಲಿಲ್ಲ. ಅದಕ್ಕ ನೀ ಬೈದದ್ದೆಲ್ಲಾ ನನಗ ಸಲ್ಲತೈತಿ ಅಂತ ಸುಮ್ಮನಿದ್ದೆ."

ಒಳಗೆ ಸಿದ್ದಲಿಂಗ ಯಾರಿಗೋ ಕುರ್ಚಿ ಎಣಿಸಿ ಇಡಲು ಕೂಗುತ್ತಿದ್ದ. ಕಳೆದ ಎರಡು ವರ್ಷವನ್ನು ಯಾವ ಬೋರ್ಡಿನ ಹಿಡಿಕೆಯೂ ಹಿಂದಕ್ಕೆ ತರಲಾರದು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಸಾತವ್ವ ಹೊನ್ನವ್ವನ ಕೈ ಹಿಡಿದು ಕರೆತಂದು ಟೆಂಪೋದಲ್ಲಿ ಕೂರಿಸಿದಳು. ಜ್ಯೋತಿ ಕಣ್ಣೊರೆಸಿಕೊಂಡು ಹೇಳಿದಳು:

"ಅವ್ವ ಲೈಟ್ ಆರಿಸಿದ್ರ ಚೀರತಾಳ್ರಿ. ಬೆಳತನಕಾ ಬಲ್ಬು ಉರೀತೈತಿ. ಮನ್ಯಾಗ ಬರೇ ಸ್ವಿಚ್ ಐತಿ ನೋಡ್ರಿ... ಒಮ್ಮೆಲೆ ಕತ್ತಲಾಗತೈತಿ."

ಕಲ್ಮೇಶನಿಗೆ ಅರ್ಥವಾಯಿತು.

"ನಾಳೆ ಸಿಂದಗಿಗೆ ಬಂದು ಒಂದು ಡಿಮ್ಮರ್ ಹಚ್ಚಿಕೊಡ್ತೇನಿ. ಮೆಲ್ಲಕ ಇಳಸಿದ್ರ ಆಕಿ ಅಂಜೂದಿಲ್ಲ."

"ಹಚ್ಚಿಕೊಟ್ಟು ಹೋಗೂದಾದ್ರ ಬರಬ್ಯಾಡ್ರಿ."

ಅವನು ತಲೆ ಎತ್ತಿ ನೋಡಿದ.

"ನನ್ನ ಕೈ ಒಂದಕ್ಕ ಆಗೂದಿಲ್ರಿ..." ಜ್ಯೋತಿ ಟೆಂಪೋದೊಳಗೆ ಕೂತ ಅವ್ವನ ಕಡೆ ನೋಡಿದಳು. "ಆಕಿ ನಿದ್ದಿ ಹತ್ತೂತನಕ ಒಬ್ಬರು ಕೈ ಹಿಡಕೊಂಡು ಕುಂದರಬೇಕು. ಇನ್ನೊಬ್ಬರು ಬೆಳಕ ಇಳಸಬೇಕು."

"ದಿನಾ?"

"ದಿನಾ."

"ಬರ್ತೇನಿ," ಎಂದ ಕಲ್ಮೇಶ. "ನೀ ಅವ್ವನ ಕೈ ಹಿಡಕೊಂಡು ಕುಂದರು. ಬೆಳಕ ನಾ ಇಳಸ್ತೇನಿ ಜ್ಯೋತಿ... ಈ ಸರ್ತಿ ಮೆಲ್ಲಕ."