ಉಕ್ಕಿನ ಬಂಡೆಯ ತೂತುಗಳು

"ಗಿರಿಧರ್, ಆ ತೂತುಗಳನ್ನು ಮಾತ್ರ ಮುಚ್ಲಿಕ್ಕೆ ಹೋಗ್ಬೇಡಿ ಮಾರಾಯ್ರೆ," ಎಂದಳು ಹಬೀಬಾ, ಲಾಬಿಯಲ್ಲಿ ನಿಲ್ಲಿಸಿದ್ದ ಉಕ್ಕಿನ ಬಂಡೆಯನ್ನು ತೋರಿಸುತ್ತ. ದೋಹಾದ ಆ ಹೊಸ ಹೋಟೆಲಿನ ಒಳಾಂಗಣ ವಿನ್ಯಾಸ ಅವಳದು, ಊರು ಉಳ್ಳಾಲ. "ಇದನ್ನು ಪಾಲಿಶ್ ಮಾಡ್ತಿದ್ದವ ಉಕ್ಕಿನ ಧೂಳಿಗೆ ಉಸಿರುಕಟ್ಟಿ ಸತ್ತನಂತೆ. ಅವನ ತಾಯಿ ಅವನ ಕೂದಲನ್ನು ಇದರ ಹೊಟ್ಟೆಯೊಳಗೆ ಹಾಕಿ ಮಾಟ ಮಾಡಿಸಿದ್ದಾಳಂತೆ. ಇದರ ಉಸಿರು ಕಟ್ಟಿಸಿದವನ ಉಸಿರೂ ಕಟ್ತದಂತೆ. ಚೀನಾದಿಂದ ಬಂದ ಫಿಟ್ಟರುಗಳೇ ಹೇಳಿದ್ದು."

ಗಿರಿಧರ್ ಮೂಗು ಮುರಿದ. ಮರಳು ನುಗ್ಗದಂತೆ ಕಟ್ಟಡಗಳ ಸಂದುಗೊಂದಿಗೆ ಸಿಲಿಕೋನ್ ಅಂಟು ತುಂಬಿಸುವ ಇಂಜಿನಿಯರ್ ಅವನು. ಮೈಸೂರಿನಿಂದ ಹೊಸದಾಗಿ ಬಂದವನು. ತೂತು ಕಂಡರೆ ಕೈ ತುರಿಸುತ್ತಿತ್ತು.

"ಓದಿರೋ ನೀವೇ ಹಿಂಗಂದ್ರೆ ಹೆಂಗ್ರೀ? ಒಂದು ನಿಂಬೆಹಣ್ಣೂ ಕಟ್ಟಿಬಿಡಣ್ವಾ?"

ಚೀನಾದ ಹಳೆಯ ಶ್ರೀಮಂತರು ತೂತುಬಿದ್ದ ಬಂಡೆಗಳನ್ನು ತೋಟದಲ್ಲಿ ನಿಲ್ಲಿಸಿ ಧ್ಯಾನಿಸುತ್ತಿದ್ದರಂತೆ. ಬೆಟ್ಟದ ಉಸಿರು ಆ ತೂತುಗಳಲ್ಲಿ ಓಡಾಡುತ್ತದೆಂಬುದು ಅವರ ನಂಬಿಕೆ. ಅಂಥದೊಂದು ಬಂಡೆಯ ಮೇಲೆ ಉಕ್ಕಿನ ತಗಡನ್ನು ಬಡಿದು, ಒಳಗಿನ ಕಲ್ಲು ತೆಗೆದು, ಕನ್ನಡಿಯಂತೆ ಉಜ್ಜಿದ್ದ ಶಿಲ್ಪ ಇದು. ಎ.ಸಿ. ಗಾಳಿ ಹೊಕ್ಕರೆ ಸಿಳ್ಳೆ ಹಾಕುತ್ತಿತ್ತು. ಉದ್ಘಾಟನೆಗೆ ಮೊದಲು ಆ ಸದ್ದು ಖಲಾಸ್ ಆಗಬೇಕೆಂದು ಮಾಲೀಕರ ಆಜ್ಞೆ. ಕೆಲಸ ಮುಗಿದರೆ ಗಿರಿಧರನಿಗೆ ಫ್ಯಾಮಿಲಿ ವೀಸಾ; ಮದುವೆಯಾದ ತಿಂಗಳಲ್ಲೇ ಬಿಟ್ಟು ಬಂದ ಪ್ರಾರ್ಥನಾ ಅವನ ಬಳಿಗೆ ಬರುತ್ತಾಳೆ. ಅವನಿಗೆ ಬೇಕಿದ್ದದ್ದು ಅದೊಂದೇ.

ಶುಕ್ರವಾರ ಮಧ್ಯಾಹ್ನ ಎಲ್ಲರೂ ನಮಾಜಿಗೆ, ಊಟಕ್ಕೆ ಹೋಗಿದ್ದಾಗ ತೂತುಗಳಿಗೆಲ್ಲ ಸಿಲಿಕೋನ್ ತುಂಬಿದ. ಕೊನೆಯ ತೂತಿನಿಂದ ಬಿಸಿಯಾದ, ಲೋಳೆಯಂಥದ್ದೇನೋ ಅವನ ಮಣಿಕಟ್ಟಿನ ಮೇಲೆ ಸುರಿಯಿತು. ಥೂ ಎಂದು ಪ್ಯಾಂಟಿಗೆ ಒರೆಸಿಕೊಂಡು ಅದನ್ನೂ ಮುಚ್ಚಿದ. ಸಿಳ್ಳೆ ನಿಂತಿತು. ನಕ್ಕ.

ಮರುದಿನದಿಂದ ವಾಸನೆ. ಹಸಿ ಸಿಲಿಕೋನಿನ ಹುಳಿ ವಿನೆಗರ್ ವಾಸನೆ, ಅದರಡಿಯಲ್ಲಿ ಕೊಳೆತ ಸಿಗಡಿಯ ನಾತ. ಬಂಡೆ ಹಳದಿ ಲೋಳೆ ಬೆವರುತ್ತಿತ್ತು. ಅವನ ಬಾಯಲ್ಲೂ ಅದೇ ಹುಳಿ. ಅನ್ನ ಹುಳಿ, ನೀರು ಹುಳಿ, ಎಂಜಲೂ ಹುಳಿ. ಮೂಗು ಸೀನಿಕೊಂಡಾಗ ಕರವಸ್ತ್ರಕ್ಕೆ ರಬ್ಬರಿನಂಥ ಎಳೆಯೊಂದು ಅಂಟಿ ಬಂತು. ಎಳೆದ. ಮುಗಿಯಲಿಲ್ಲ. ಗಂಟಲಿನ ಆಳದಿಂದ ಬರುತ್ತಿತ್ತು. ತುದಿಯಲ್ಲಿ ಕೂದಲಿನ ಮುದ್ದೆ. ಕರುಳೇ ಕಿತ್ತು ಬರುವಂತೆ ವಾಂತಿ ಮಾಡಿದ.

ಮೂಗು ಕಟ್ಟಿತು. ಬಾಯಿಯೂ ಕಟ್ಟತೊಡಗಿತು. ಚಾಕು ಹಿಡಿದು ಬಂಡೆಯತ್ತ ಓಡಿದ. ಒಂದು ತೂತು ಕೊರೆದ. ಇನ್ನೊಂದು. ಉಸಿರಿಲ್ಲ. ಮತ್ತೊಂದು. ಕಣ್ಣು ಕತ್ತಲಿಟ್ಟಿತು. ಕೊನೆಯದು. ಕೊಳೆತ ಗಾಳಿ ಮುಖಕ್ಕೆ ಬಡಿಯಿತು. ಬಿದ್ದ.

ವೈದ್ಯರು ಅವನ ಕುತ್ತಿಗೆಯಲ್ಲಿ ತೂತು ಕೊರೆದು ಬದುಕಿಸಿದರು. ತೂತಿನಿಂದ ಮೇಲಕ್ಕೆ ಶ್ವಾಸನಾಳ ಪೂರ್ತಿ ಬೆಸೆದುಹೋಗಿದೆ, ಇನ್ನು ಮಾತಿಲ್ಲ, ಉಸಿರಾಟವೆಲ್ಲ ಈ ತೂತಿನಿಂದಲೇ ಎಂದರು.

ಹೇಗೋ ವೀಸಾ ಸಿಕ್ಕಿ ಪ್ರಾರ್ಥನಾ ಬಂದಳು. ವೈದ್ಯರ ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ. ಬಿನ್ ಮಹಮೂದ್ ಬಡಾವಣೆಯ ಫ್ಲ್ಯಾಟಿನಲ್ಲಿ ಅವನ ಕುತ್ತಿಗೆ ಹಗಲಿಡೀ ಸಿಳ್ಳೆ ಹಾಕುತ್ತಿತ್ತು, ಹಳದಿ ಲೋಳೆ ಸುರಿಸುತ್ತಿತ್ತು. ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಎಚ್ಚರಗೊಂಡಾಗ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಅವನ ಮೇಲೆ ಬಾಗಿದ್ದಳು. ಕೈಯಲ್ಲಿ ಹತ್ತಿಯ ಉಂಡೆ.

"ತಡ್ಕೊಳ್ಳಕ್ಕಾಗ್ತಿಲ್ಲ ರೀ ಈ ನಾತ," ಅವಳು ಅಳುತ್ತಿದ್ದಳು. "ಊಟ ಮಾಡೋ ತನಕ ಮುಚ್ಚಿರ್ತೀನಿ. ಬಾಯಲ್ಲಿ ಉಸಿರಾಡಿ."

ಅವನು ಅವಳ ಕೈ ಹಿಡಿಯಹೋದ. ಬೆರಳುಗಳು ಲೋಳೆಯಲ್ಲಿ ಜಾರಿದವು. ಹಬೀಬಾ ಹೇಳಿದ್ದ ಮಾತನ್ನೇ ಹೇಳಲು ಬಾಯಿ ತೆರೆದ. ಕುತ್ತಿಗೆಯಿಂದ ಬರೀ ಸಿಳ್ಳೆ ಬಂತು.

ಪ್ರಾರ್ಥನಾ ಮುಖ ಆಚೆ ತಿರುಗಿಸಿ, ಹತ್ತಿಯನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿದಳು.